ಬೆರಳ ತುದಿಯ ಒಂದು ಡಿಗ್ರಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬೌಲರ್‌ಗಳಿಗಾಗಿ ಸ್ವಿಂಗ್ ಮತ್ತು ನಿಖರತೆ ಕುರಿತ ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ವಿಜಯಪುರ ಜಿಲ್ಲೆಯ ಹಳೆಯ ಐದು ತಾಲ್ಲೂಕುಗಳಲ್ಲಿ ಜಿಲ್ಲಾ ಕೇಂದ್ರದ ತಾಲ್ಲೂಕನ್ನು ಬಿಟ್ಟರೆ ಉಳಿಯುವುದು ನಾಲ್ಕು. ಇಂಡಿ ಮತ್ತು ಸಿಂದಗಿ ಭೀಮೆಯ ಕಡೆಗಿವೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಕೃಷ್ಣೆಯ ಕಡೆಗಿವೆ, ನಡುವೆ ಡೋಣಿ ಹರಿಯುತ್ತದೆ. ಈಗ ಇವುಗಳಿಂದಲೇ ದೇವರಹಿಪ್ಪರಗಿ, ಚಡಚಣ, ತಾಳಿಕೋಟೆ, ನಿಡಗುಂದಿಯಂಥ ಹೊಸ ತಾಲ್ಲೂಕುಗಳು ಹುಟ್ಟಿವೆ. ಈ ಸೀಮೆಯಲ್ಲಿ ಕ್ರಿಕೆಟ್ ಆಡುವ ಜಾಗ ಮೂರು ಬಗೆಯದು: ಶಾಲೆ ಕಾಲೇಜುಗಳ ಮೈದಾನ, ಊರ ಹೊರಗಿನ ಮಡ್ಡಿ, ಹಿಂಗಾರಿ ಜೋಳ ಕೊಯ್ದ ಮೇಲೆ ಬಯಲಾಗುವ ಎರಿ (ಕಪ್ಪು ಮಣ್ಣಿನ) ಹೊಲ.

ಇಲ್ಲಿಯ ಮೈದಾನಗಳ ಅಂಚಿನಲ್ಲಿ ನಿಂತವರ ಬಾಯಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ‘ನಮ್ಮ ಹುಡುಗರಿಗೆ ಸ್ಪೀಡ್ ಇಲ್ಲ, ಅದಕ್ಕ ಮ್ಯಾಲೆ ಹೋಗೂದಿಲ್ಲ.’ ಇನ್ನೊಂದು, ‘ಈ ಬಿಸಲಾಗ, ಈ ಒಣ ಗಾಳ್ಯಾಗ ಬಾಲ್ ಸ್ವಿಂಗ್ ಆಗಂಗಿಲ್ಲ.’ ಮೊದಲನೆಯ ಮಾತು ತಪ್ಪನ್ನು ಹುಡುಗನ ಮೈಮೇಲೆ ಹಾಕುತ್ತದೆ, ಎರಡನೆಯದು ಊರಿನ ಹವೆಯ ಮೇಲೆ. ಎರಡನ್ನೂ ಒಪ್ಪಿಕೊಂಡರೆ ಅಭ್ಯಾಸಕ್ಕೆ ಜಾಗವೇ ಉಳಿಯುವುದಿಲ್ಲ. ಈ ಮಾತುಗಳನ್ನು ಗಾಳಿಯ ವಿಜ್ಞಾನ ಮತ್ತು ಸರಳ ಗಣಿತದ ಮುಂದಿಟ್ಟು ಪರೀಕ್ಷಿಸುವುದು, ಆ ಮೇಲೆ ಕಡಿಮೆ ಖರ್ಚಿನ ಒಂದು ಅಭ್ಯಾಸಕ್ರಮವನ್ನು ಮುಂದಿಡುವುದು ಈ ಟಿಪ್ಪಣಿಯ ಉದ್ದೇಶ. ಇಲ್ಲಿ ಚರ್ಚಿಸುವುದು ಮಧ್ಯಮ ವೇಗದ ಬೌಲಿಂಗನ್ನು. ಸ್ಪಿನ್ ಬೇರೆಯೇ ವಿದ್ಯೆ.

2. ಕೈಗೆ ಸಿಗುವ ಚೆಂಡು

ಈ ನಾಲ್ಕು ತಾಲ್ಲೂಕುಗಳಲ್ಲಿ, ಕರ್ನಾಟಕದ ಬಹುಪಾಲು ಹಳ್ಳಿಗಳಲ್ಲಿ ಇರುವಂತೆಯೇ, ಹುಡುಗರು ಬೌಲಿಂಗ್ ಕಲಿಯುವುದು ಟೆನಿಸ್ ಚೆಂಡಿನಲ್ಲಿ. ಟೂರ್ನಮೆಂಟುಗಳು ನಡೆಯುವುದೂ ಹೆಚ್ಚಾಗಿ ಅದರಲ್ಲೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆದರೆ ಇದು ಕೈಗೆ ಕಲಿಸುವ ರೂಢಿಯನ್ನು ಸರಿಯಾಗಿ ಅರಿಯಬೇಕು.

ಸಾಮಾನ್ಯ ಟೆನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ. ಪುರುಷರ ಕ್ರಿಕೆಟ್ಟಿನ ಲೆದರ್ ಚೆಂಡು 155.9ರಿಂದ 163 ಗ್ರಾಂ, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಮಹಿಳಾ ಕ್ರಿಕೆಟ್ಟಿನ ಚೆಂಡು 140ರಿಂದ 151 ಗ್ರಾಂ. ತೂಕಕ್ಕಿಂತ ದೊಡ್ಡ ವ್ಯತ್ಯಾಸ ಮೈಯಲ್ಲಿದೆ. ಲೆದರ್ ಚೆಂಡಿನ ನಡುವೆ ಆರು ಸಾಲು ಹೊಲಿಗೆಯ ಉಬ್ಬು ಇರುತ್ತದೆ, ಅದೇ ಸೀಮ್. ಟೆನಿಸ್ ಚೆಂಡಿನಲ್ಲಿ ಅದಿಲ್ಲ. ಆ ಚೆಂಡನ್ನು ಗಾಳಿಯಲ್ಲಿ ಹೊರಳಿಸಬೇಕಾದರೆ ಬೆರಳನ್ನು ಅಡ್ಡ ಎಳೆದು ಅದಕ್ಕೆ ಓರೆ ತಿರುಗು ಕೊಡಬೇಕು. ಏಳೆಂಟು ವರ್ಷ ಹೀಗೆ ಆಡಿದ ಹುಡುಗನ ಮಣಿಕಟ್ಟು ಚೆಂಡು ಬಿಡುವ ಗಳಿಗೆಯಲ್ಲಿ ತಾನಾಗಿ ಪಕ್ಕಕ್ಕೆ ವಾಲುತ್ತದೆ. ಲೆದರ್ ಚೆಂಡು ಕೇಳುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಮಣಿಕಟ್ಟು ಚೆಂಡಿನ ಹಿಂದೆ ನೇರ ನಿಲ್ಲಬೇಕು, ಎರಡು ಬೆರಳು ಸೀಮಿನ ಎರಡೂ ಬದಿಯಲ್ಲಿ ಸಮನಾಗಿ ಕೂತು ಚೆಂಡನ್ನು ಹಿಂಬದಿಗೆ ತಿರುಗಿಸಬೇಕು.

ಹಾಗಾಗಿ ಜಿಲ್ಲಾ ಆಯ್ಕೆಗೆ ಹೋದ ಹುಡುಗ ಅಲ್ಲಿ ಹೊಸ ಲೆದರ್ ಚೆಂಡು ಹಿಡಿದು ತಡವರಿಸಿದರೆ ಅದಕ್ಕೆ ಕಾರಣ ಅವನ ಶಕ್ತಿಯಲ್ಲ, ಅವನ ಬೆರಳುಗಳಿಗೆ ಸೀಮಿನ ಪರಿಚಯ ಇಲ್ಲದಿರುವುದು.

3. ಚೆಂಡು ಗಾಳಿಯಲ್ಲಿ ಏಕೆ ಹೊರಳುತ್ತದೆ

ಚಲಿಸುವ ಚೆಂಡಿನ ಮೈಗೆ ಅಂಟಿಕೊಂಡು ಗಾಳಿಯ ಒಂದು ತೆಳು ಪದರ ಹರಿಯುತ್ತದೆ. ಸೀಮನ್ನು ಸ್ವಲ್ಪ ಓರೆ ಇಟ್ಟು ಬಿಟ್ಟಾಗ ಒಂದು ಬದಿಯ ಪದರ ಸೀಮಿನ ಉಬ್ಬಿಗೆ ಎಡವಿ ಕಲಕುತ್ತದೆ. ಇನ್ನೊಂದು ಬದಿಯದು ನಯವಾದ ಚರ್ಮದ ಮೇಲೆ ಶಾಂತವಾಗಿ ಸಾಗುತ್ತದೆ. ಕಲಕಿದ ಪದರ ಚೆಂಡಿನ ಮೈಯನ್ನು ಹೆಚ್ಚು ಹೊತ್ತು ಹಿಡಿದುಕೊಂಡಿರುತ್ತದೆ, ಶಾಂತವಾದದ್ದು ಬೇಗ ಬಿಟ್ಟುಬಿಡುತ್ತದೆ. ಎರಡು ಬದಿಯ ಒತ್ತಡ ಹೀಗೆ ಬೇರೆಯಾಗಿ, ಸೀಮಿನ ಮೂತಿ ಇರುವ ಕಡೆಗೆ ಚೆಂಡು ಜರುಗುತ್ತದೆ. ಸೀಮ್ ಸ್ಲಿಪ್ ಕಡೆ ಮುಖಮಾಡಿದ್ದರೆ ಔಟ್‌ಸ್ವಿಂಗ್, ಫೈನ್‌ಲೆಗ್ ಕಡೆ ಮುಖಮಾಡಿದ್ದರೆ ಇನ್‌ಸ್ವಿಂಗ್.

ಭಾರತ ಮೂಲದ ವಿಜ್ಞಾನಿ ರಬೀಂದ್ರ ಮೆಹ್ತಾ ಮತ್ತು ಅವರ ಜೊತೆಗಾರರು ಚೆಂಡನ್ನು ಗಾಳಿಸುರಂಗದಲ್ಲಿಟ್ಟು ಅಳೆದ ಫಲಿತಾಂಶ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮೆಹ್ತಾ ಮುಂದೆ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರದಲ್ಲಿ ಕೆಲಸ ಮಾಡಿದವರು. ಅವರ ಅಳತೆಗಳಿಂದ ಬೌಲರ್‌ಗೆ ಬೇಕಾದ ಮೂರು ಸಂಖ್ಯೆ ಸಿಗುತ್ತವೆ. ಸೀಮಿನ ಓರೆ ಸುಮಾರು 20 ಡಿಗ್ರಿ ಇದ್ದಾಗ, ಚೆಂಡು ಸೆಕೆಂಡಿಗೆ ಸುಮಾರು 11 ಸಲ ಹಿಂಬದಿಗೆ ತಿರುಗುತ್ತಿದ್ದಾಗ, ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಇದ್ದಾಗ ಸ್ವಿಂಗ್ ಅತಿ ಹೆಚ್ಚು.

ಸೆಕೆಂಡಿಗೆ 30 ಮೀಟರ್ ಎಂದರೆ ಗಂಟೆಗೆ 108 ಕಿಲೋಮೀಟರ್. ಇದು ಹದಿನೇಳು ಹದಿನೆಂಟರ, ಗಟ್ಟಿಮುಟ್ಟಾದ ಹುಡುಗನಿಗೆ ಎಟುಕುವ ವೇಗ. ಹೊಸ ಚೆಂಡನ್ನು ಗಂಟೆಗೆ 135 ಕಿಲೋಮೀಟರ್ ದಾಟಿಸಿ ಎಸೆಯುವ ಹೊತ್ತಿಗೆ ನಯವಾದ ಬದಿಯ ಗಾಳಿಯೂ ತಾನಾಗಿ ಕಲಕತೊಡಗುತ್ತದೆ, ಮಾಮೂಲಿ ಸ್ವಿಂಗ್ ಕುಗ್ಗುತ್ತದೆ. ಸ್ವಿಂಗ್ ಮಟ್ಟಿಗೆ ಹೇಳುವುದಾದರೆ ತಾಲ್ಲೂಕು ಮಟ್ಟದ ಬೌಲರ್‌ನ ವೇಗ ಕೊರತೆಯಲ್ಲ, ಅನುಕೂಲ. ಮೊದಲನೆಯ ದೂರು ಇಲ್ಲಿಗೆ ಬಿದ್ದುಹೋಗುತ್ತದೆ.

ನಮ್ಮ ನಾಡಿನ ದಾಖಲೆಯೂ ಇದನ್ನೇ ಹೇಳುತ್ತದೆ. ದಾವಣಗೆರೆಯ ಆರ್. ವಿನಯ್ ಕುಮಾರ್ ಗಂಟೆಗೆ 140 ಕಿಲೋಮೀಟರ್ ವೇಗದ ಬೌಲರ್ ಆಗಿರಲಿಲ್ಲ. ಆದರೂ ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಕಿತ್ತರು. 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಸಲ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 2017ರ ಡಿಸೆಂಬರಿನಲ್ಲಿ ನಾಗಪುರದ ಕ್ವಾರ್ಟರ್‌ಫೈನಲ್‌ನಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಸೇರಿ ಇನ್ನಿಂಗ್ಸೊಂದರಲ್ಲಿ ಆರು ವಿಕೆಟ್ ಪಡೆದರು. ಅವರ ಬಂಡವಾಳ ಸೀಮ್ ಮತ್ತು ಉದ್ದಳತೆ (ಲೆಂಗ್ತ್). ವಿಜಯಪುರ ಜಿಲ್ಲೆಯ ಮಟ್ಟಿಗೆ ರಾಜೇಶ್ವರಿ ಗಾಯಕವಾಡ ಅವರ ಉದಾಹರಣೆ ಕಣ್ಣೆದುರಿಗಿದೆ. ಅವರು ಎಡಗೈ ಸ್ಪಿನ್ನರ್, ಸ್ವಿಂಗ್ ಬೌಲರ್ ಅಲ್ಲ. ಆದರೂ 2017ರ ವಿಶ್ವಕಪ್ಪಿನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ಪಡೆದ ಆ ದಿನ ಅವರು ತೋರಿಸಿದ್ದು, ಒಂದೇ ಜಾಗಕ್ಕೆ ಚೆಂಡು ಹಾಕಬಲ್ಲವರಿಗೆ ವೇಗದ ಹಂಗಿಲ್ಲ ಎಂಬುದನ್ನೇ.

4. ಒಂದು ಡಿಗ್ರಿಯ ಲೆಕ್ಕ

ನಿಖರತೆ ಎಂಬ ಮಾತನ್ನು ಸಂಖ್ಯೆಗೆ ಇಳಿಸೋಣ. ಪಿಚ್ಚಿನ ಉದ್ದ 22 ಗಜ, ಅಂದರೆ 20.12 ಮೀಟರ್. ಬೌಲರ್ ಚೆಂಡನ್ನು ತನ್ನ ಪಾಪಿಂಗ್ ಕ್ರೀಸಿನ ನೇರದಲ್ಲಿ, ನೆಲದಿಂದ 2 ಮೀಟರ್ ಎತ್ತರದಲ್ಲಿ, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಬಿಡುತ್ತಾನೆ ಎಂದಿಟ್ಟುಕೊಳ್ಳೋಣ. ಚೆಂಡು ಬ್ಯಾಟ್ಸ್‌ಮನ್ನನ ಸ್ಟಂಪ್‌ಗಳಿಗೆ 6 ಮೀಟರ್ ಮುಂಚೆ ಗುಡ್‌ಲೆಂಗ್ತಿನಲ್ಲಿ ಬೀಳಬೇಕು. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಅದು ಸುಮಾರು 12.9 ಮೀಟರ್ ದೂರವನ್ನು 0.42 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅದಕ್ಕಾಗಿ ಕೈಬಿಡುವಾಗ ಚೆಂಡು ಸುಮಾರು 5 ಡಿಗ್ರಿ ಕೆಳಮುಖವಾಗಿ ಹೊರಡಬೇಕು.

ಆ 5 ಡಿಗ್ರಿ 4 ಆದರೆ ಚೆಂಡು ಸುಮಾರು 1 ಮೀಟರ್ ಮುಂದೆ ಬೀಳುತ್ತದೆ, ಬ್ಯಾಟ್ಸ್‌ಮನ್ ಡ್ರೈವ್ ಮಾಡುತ್ತಾನೆ. 6 ಆದರೆ ಸುಮಾರು 1 ಮೀಟರ್ ಹಿಂದೆ ಬೀಳುತ್ತದೆ, ಅವನು ಹಿಂದೆ ಸರಿದು ಹೊಡೆಯುತ್ತಾನೆ. ಪಕ್ಕಕ್ಕೆ 1 ಡಿಗ್ರಿ ತಪ್ಪಿದರೆ ಪಿಚ್ ಆಗುವ ಜಾಗದಲ್ಲಿ 22 ಸೆಂಟಿಮೀಟರ್, ಸ್ಟಂಪ್‌ಗಳ ಹತ್ತಿರ 33 ಸೆಂಟಿಮೀಟರ್ ಅಂತರ ಬೀಳುತ್ತದೆ. ಮೂರು ಸ್ಟಂಪ್‌ಗಳ ಒಟ್ಟು ಅಗಲವೇ 22.86 ಸೆಂಟಿಮೀಟರ್.

ಗುಡ್‌ಲೆಂಗ್ತ್ ಪಟ್ಟಿಗೆ 2 ಮೀಟರ್ ಉದ್ದ ಕೊಟ್ಟರೆ ಬೌಲರ್‌ಗೆ ಮೇಲೆ ಕೆಳಗೆ 1 ಡಿಗ್ರಿಯ ಸಡಿಲು ಇದೆ. ಮಧ್ಯದ ಸ್ಟಂಪಿಗೆ ಗುರಿಯಿಟ್ಟವನಿಗೆ ಎಡಬಲಕ್ಕೆ ಇರುವ ಸಡಿಲು ಡಿಗ್ರಿಯ ಮೂರನೇ ಒಂದು ಭಾಗ ಮಾತ್ರ. ಹೀಗೆ ನೋಡಿದರೆ ನೇರಳತೆ (ಲೈನ್) ಉದ್ದಳತೆಗಿಂತ ಮೂರು ಪಟ್ಟು ಬಿಗಿಯಾದದ್ದು. ಆದರೆ ನೇರಳತೆಗೆ ಇಡೀ ದೇಹ ನೆರವಾಗುತ್ತದೆ. ರನ್‌ಅಪ್‌ನ ಗೆರೆ, ಮುಂಗಾಲಿನ ಬೆರಳು ತೋರುವ ದಿಕ್ಕು, ಎಡಗೈ ಇಳಿಯುವ ದಾರಿ ಇವು ಮೂರೂ ಗುರಿಯತ್ತ ಇದ್ದರೆ ಚೆಂಡು ಪಕ್ಕಕ್ಕೆ ಹೋಗುವುದು ಅಪರೂಪ. ಉದ್ದಳತೆಗೆ ಅಂಥ ಆಸರೆ ಕಡಿಮೆ. ತೋಳು ಸೆಕೆಂಡಿಗೆ ಸಾವಿರ ಡಿಗ್ರಿಗಿಂತ ಹೆಚ್ಚು ವೇಗದಲ್ಲಿ ತಿರುಗುವುದರಿಂದ 1 ಡಿಗ್ರಿಯ ವ್ಯತ್ಯಾಸ ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ. ಅದನ್ನು ಯೋಚಿಸಿ ಸರಿಪಡಿಸಲು ಯಾರಿಂದಲೂ ಆಗದು, ಅದು ರೂಢಿಯಿಂದ ಮಾತ್ರ ಬರುವಂಥದ್ದು.

ಇದಕ್ಕೆ ಸ್ವಿಂಗನ್ನು ಸೇರಿಸಿ ನೋಡಿ. ಗಾಳಿ ಚೆಂಡನ್ನು ಅದರ ತೂಕದ ಹತ್ತರಲ್ಲಿ ಮೂರು ಪಾಲಿನಷ್ಟು ಬಲದಿಂದ ಪಕ್ಕಕ್ಕೆ ತಳ್ಳಿದರೆ (ಒಳ್ಳೆಯ ಸ್ವಿಂಗಿಗೆ ಇದು ನ್ಯಾಯವಾದ ಅಂದಾಜು), 0.42 ಸೆಕೆಂಡಿನಲ್ಲಿ ಚೆಂಡು ಸುಮಾರು 26 ಸೆಂಟಿಮೀಟರ್ ಜರುಗುತ್ತದೆ. ಲೆಗ್‌ಸ್ಟಂಪ್ ನೇರಕ್ಕೆ ಬೀಳಬೇಕಿದ್ದ ಚೆಂಡು ಆಫ್‌ಸ್ಟಂಪ್ ನೇರಕ್ಕೆ ಬೀಳುತ್ತದೆ. ಈ ಜರುಗು ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಮೊದಲ ಅರ್ಧ ಹಾದಿಯಲ್ಲಿ ಆರೂವರೆ ಸೆಂಟಿಮೀಟರ್ ಮಾತ್ರ ಕಾಣುತ್ತದೆ, ಉಳಿದ ಹತ್ತೊಂಬತ್ತೂವರೆ ಕಡೆಯ ಅರ್ಧದಲ್ಲಿ. ‘ಕೊನೀಗೆ ತಿರುಗ್ತು’ ಎಂದು ಬ್ಯಾಟ್ಸ್‌ಮನ್ ಹೇಳುವುದು ಭ್ರಮೆಯಲ್ಲ.

ಈ ಟಿಪ್ಪಣಿಯ ಮುಖ್ಯ ಮಾತು ಇಲ್ಲಿದೆ. ಒಂದು ಎಸೆತದಲ್ಲಿ ಸೀಮ್ ನೆಟ್ಟಗೆ ನಿಂತು 26 ಸೆಂಟಿಮೀಟರ್ ಜರುಗಿ, ಮುಂದಿನದರಲ್ಲಿ ಅದೇ ಸೀಮ್ ತೂರಾಡಿ ಏನೂ ಜರುಗದಿದ್ದರೆ, ಎರಡರ ನಡುವಿನ ಅಂತರ ಗುರಿಯಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ತಪ್ಪಿದ್ದಕ್ಕೆ ಸಮ. ಬೌಲರ್‌ನ ಕೈ ಎರಡೂ ಸಲ ಒಂದೇ ದಿಕ್ಕಿಗೆ ಹೋಗಿದ್ದರೂ ಚೆಂಡು ಎರಡು ಜಾಗದಲ್ಲಿ ಬೀಳುತ್ತದೆ. ಸ್ವಿಂಗ್ ಮತ್ತು ನಿಖರತೆ ಎರಡು ಬೇರೆ ವಿದ್ಯೆಗಳಲ್ಲ. ಎರಡೂ ಬೆರಳು ಚೆಂಡನ್ನು ಕೊನೆಯದಾಗಿ ಮುಟ್ಟುವ ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ.

5. ಬಿಸಿಲು, ಗಾಳಿ, ನೆಲ

ಎರಡನೆಯ ದೂರನ್ನು ಪರೀಕ್ಷಿಸೋಣ. ಗಾಳಿ ತಳ್ಳುವ ಬಲ ಗಾಳಿಯ ಸಾಂದ್ರತೆಗೆ ಅನುಗುಣವಾಗಿರುತ್ತದೆ. ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನ ನಮ್ಮ ಸೀಮೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ಸಿನ ಮುಂಜಾವಿಗೆ ಹೋಲಿಸಿದರೆ 40 ಡಿಗ್ರಿಯ ನಡುಹಗಲಿನ ಗಾಳಿ ಸುಮಾರು ನೂರಕ್ಕೆ 6ರಷ್ಟು ಹಗುರ. 26 ಸೆಂಟಿಮೀಟರ್ ಸ್ವಿಂಗಿನಲ್ಲಿ ಕಡಿಮೆಯಾಗುವುದು ಒಂದೂವರೆ ಸೆಂಟಿಮೀಟರ್. ಗಾಳಿಯಲ್ಲಿ ತೇವ ಇದ್ದರೆ ಮಾತ್ರ ಚೆಂಡು ಹೊರಳುತ್ತದೆ ಎಂಬ ನಂಬಿಕೆಯೂ ಗಾಳಿಸುರಂಗದ ಪ್ರಯೋಗಗಳಲ್ಲಿ ದೃಢಪಟ್ಟಿಲ್ಲ. ಹಾಗಾಗಿ ಬಿಸಿಲನ್ನು ದೂರುವುದು ನ್ಯಾಯವಲ್ಲ.

ನಿಜವಾದ ಕೇಡು ನೆಲದಿಂದ ಬರುತ್ತದೆ. ಮಡ್ಡಿ ನೆಲದ ಗರಸು ಕಲ್ಲು ಹತ್ತೇ ಓವರಿನಲ್ಲಿ ಚೆಂಡಿನ ಎರಡೂ ಬದಿಯನ್ನು ಉಜ್ಜಿಹಾಕುತ್ತದೆ. ಎರಡು ಬದಿಯೂ ಒರಟಾದರೆ ಎರಡರ ಮೇಲೂ ಗಾಳಿ ಕಲಕುತ್ತದೆ, ವ್ಯತ್ಯಾಸ ಅಳಿಯುತ್ತದೆ, ಸ್ವಿಂಗ್ ಸಾಯುತ್ತದೆ. ಇದಕ್ಕೆ ಮದ್ದು ಇಡೀ ತಂಡದ ಶಿಸ್ತು. ಮೊದಲ ಓವರಿನಿಂದಲೇ ಒಂದು ಬದಿಯನ್ನು ಆರಿಸಿಕೊಂಡು ಅದನ್ನೇ ಬಟ್ಟೆಗೆ ಉಜ್ಜಬೇಕು, ಚೆಂಡನ್ನು ಕೀಪರ್‌ಗೆ ನೆಲಕ್ಕೆ ತಾಗದಂತೆ ಎಸೆಯಬೇಕು. ಎಂಜಲು ಹಚ್ಚುವುದನ್ನು 2020ರ ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ, 2022ರ ಅಕ್ಟೋಬರಿನಿಂದ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಕಾಯಂ ಆಗಿ ನಿಷೇಧಿಸಲಾಗಿದೆ. ಬೆವರಿಗೆ ಅಡ್ಡಿಯಿಲ್ಲ, ನಮ್ಮ ಸೀಮೆಯಲ್ಲಿ ಅದಕ್ಕೆ ಬರವೂ ಇಲ್ಲ.

ಎರಿ ಮಣ್ಣಿನದು ಬೇರೆ ಕಥೆ. ಅದರಲ್ಲಿ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಾಗ ಅಲ್ಲಿ ಬೌಲ್ ಮಾಡಿದರೆ ಮುಂಗಾಲಿಗೆ ಅಪಾಯ. ಆದರೆ ಇದೇ ಮಣ್ಣನ್ನು ತೋಯಿಸಿ, ಉರುಳೆ ಎಳೆದು, ನಿಧಾನವಾಗಿ ಒಣಗಿಸಿದರೆ ಗಟ್ಟಿ ಪಿಚ್ ಆಗುತ್ತದೆ. ಭಾರತದ ಎಷ್ಟೋ ದೊಡ್ಡ ಮೈದಾನಗಳ ಪಿಚ್ ಕಪ್ಪು ಮಣ್ಣಿನದೇ. ಪಿಚ್ಚಿಗಾಗಿ ಮಣ್ಣನ್ನು ಹೊರಗಿನಿಂದ ತರುವ ಅಗತ್ಯ ನಮಗಿಲ್ಲ.

ಇನ್ನು ಬೀಸುವ ಗಾಳಿ. ಜೂನಿನಿಂದ ಆಗಸ್ಟ್‌ವರೆಗೆ ಇಲ್ಲಿ ಗಾಳಿ ನೈಋತ್ಯ ಮತ್ತು ಪಶ್ಚಿಮದಿಂದ ಬಿರುಸಾಗಿ ಬೀಸುತ್ತದೆ. ಸೂರ್ಯ ಕಣ್ಣಿಗೆ ಹೊಡೆಯದಿರಲೆಂದು ಪಿಚ್ಚನ್ನು ಉತ್ತರ ದಕ್ಷಿಣವಾಗಿ ಹಾಸುವುದು ವಾಡಿಕೆ. ಆದ್ದರಿಂದ ಪಡುಗಾಳಿ ಪಿಚ್ಚಿಗೆ ಅಡ್ಡ ಬೀಸುತ್ತದೆ. ಉತ್ತರದ ತುದಿಯಿಂದ ಬೌಲ್ ಮಾಡಿದರೆ ಆ ಗಾಳಿ ಚೆಂಡನ್ನು ಬಲಗೈ ಬ್ಯಾಟ್ಸ್‌ಮನ್ನನ ಆಫ್ ಕಡೆಗೆ ತಳ್ಳುತ್ತದೆ. ದಕ್ಷಿಣದ ತುದಿಯಿಂದ ಬೌಲ್ ಮಾಡಿದರೆ ಲೆಗ್ ಕಡೆಗೆ. ಔಟ್‌ಸ್ವಿಂಗ್ ಬಲ್ಲವನಿಗೆ ಉತ್ತರ, ಇನ್‌ಸ್ವಿಂಗ್ ಬಲ್ಲವನಿಗೆ ದಕ್ಷಿಣ ಎಂದು ನಾಯಕ ತೀರ್ಮಾನಿಸಬಹುದು.

ಅಡ್ಡಗಾಳಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ಇದ್ದರೆ ಚೆಂಡು ಪಿಚ್ ಆಗುವ ಹೊತ್ತಿಗೆ ಸುಮಾರು 8 ಸೆಂಟಿಮೀಟರ್ ಜರುಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚೆಂಡಿಗೆ ಎದುರಾಗುವ ಗಾಳಿಯ ದಿಕ್ಕೇ ಆಗ 9 ಡಿಗ್ರಿಗೂ ಹೆಚ್ಚು ಓರೆಯಾಗುತ್ತದೆ. ಗಾಳಿ ಸ್ವಿಂಗಿನ ಕಡೆಗೇ ಬೀಸುತ್ತಿದ್ದರೆ 20 ಡಿಗ್ರಿ ಇಟ್ಟ ಸೀಮ್ ಗಾಳಿಯ ಪಾಲಿಗೆ ಸುಮಾರು 29 ಡಿಗ್ರಿ, ವಿರುದ್ಧ ಬೀಸುತ್ತಿದ್ದರೆ ಸುಮಾರು 11 ಡಿಗ್ರಿ. ಆದ್ದರಿಂದ ಗಾಳಿ ಜೊತೆಗಿದ್ದಾಗ ಸೀಮನ್ನು ಇನ್ನಷ್ಟು ನೇರ ಹಿಡಿಯಬೇಕು, ಎದುರಿದ್ದಾಗ ಇನ್ನಷ್ಟು ಓರೆ ಹಿಡಿಯಬೇಕು.

6. ಅಭ್ಯಾಸದ ಕ್ರಮ

ಮೇಲಿನ ಲೆಕ್ಕದಿಂದ ಅಭ್ಯಾಸಕ್ಕೆ ಒಂದು ಸರದಿ ತಾನಾಗಿ ಸಿಗುತ್ತದೆ: ಮೊದಲು ಸೀಮ್, ಆಮೇಲೆ ನೇರಳತೆ, ಆಮೇಲೆ ಉದ್ದಳತೆ, ಕಡೆಗೆ ವೇಗ. ನಮ್ಮಲ್ಲಿ ರೂಢಿಯಲ್ಲಿರುವುದು ಇದರ ತಲೆಕೆಳಗು.

ಸೀಮಿಗೆ ಬೇಕಾದ ಸಾಮಗ್ರಿ ಒಂದು ಹಳೆಯ ಲೆದರ್ ಚೆಂಡು, ಸ್ವಲ್ಪ ಬಿಳಿ ಬಣ್ಣ. ಸೀಮಿನ ಒಂದು ಬದಿಗೆ ಪೂರ್ತಿ ಬಣ್ಣ ಬಳಿಯಬೇಕು. ಹತ್ತು ಹೆಜ್ಜೆ ದೂರದಲ್ಲಿ ಜೊತೆಗಾರನನ್ನು ನಿಲ್ಲಿಸಿ, ಓಡದೆ, ನಿಂತಲ್ಲಿಂದಲೇ ಮಣಿಕಟ್ಟಿನಿಂದ ಚೆಂಡು ಬಿಡಬೇಕು. ಹಿಡಿತವನ್ನು ಹತ್ತಿರದಿಂದ ನೋಡೋಣ. ತೋರುಬೆರಳು ಮತ್ತು ನಡುಬೆರಳು ಸೀಮಿನ ಎರಡು ಬದಿಗೆ, ನಡುವೆ ಒಂದು ಪೆನ್ಸಿಲ್ ಹಿಡಿಸುವಷ್ಟು ಅಂತರ. ಹೆಬ್ಬೆರಳಿನ ಪಕ್ಕದ ಅಂಚು ಕೆಳಗೆ ಸೀಮಿನ ಮೇಲೆ. ಚೆಂಡಿಗೂ ಅಂಗೈಗೂ ನಡುವೆ ಬೆಳಕು ಕಾಣಬೇಕು, ಅಂಗೈ ಚೆಂಡನ್ನು ತಬ್ಬಬಾರದು. ಬಿಡುವಾಗ ಹೆಬ್ಬೆರಳು ಮೊದಲು ಸರಿಯುತ್ತದೆ, ಎರಡು ಬೆರಳು ಚೆಂಡಿನ ಬೆನ್ನ ಮೇಲಿಂದ ಕೆಳಕ್ಕೆ ಜಾರಿ, ತುದಿಗಳು ಒಂದೇ ಹೊತ್ತಿಗೆ ಚೆಂಡನ್ನು ಬೀಳ್ಕೊಡುತ್ತವೆ. ಒಂದು ಬೆರಳು ಕೂದಲೆಳೆಯಷ್ಟು ತಡವಾದರೂ ಸೀಮ್ ತೂರಾಡುತ್ತದೆ. ಸರಿಯಾಗಿ ಬಿಟ್ಟರೆ ಎದುರಿಗೆ ನಿಂತವನ ಕಣ್ಣಿಗೆ ಒಂದು ಬದಿ ಬಿಳಿ, ಒಂದು ಬದಿ ಕೆಂಪು, ನಡುವೆ ಚೊಕ್ಕ ಗೆರೆ ಕಾಣುತ್ತದೆ. ತಪ್ಪಿದರೆ ಎರಡೂ ಬಣ್ಣ ಕಲಸಿ ಗುಲಾಬಿಯಾಗುತ್ತದೆ. ಇದಕ್ಕಿಂತ ಪ್ರಾಮಾಣಿಕ ಗುರು ಬೇಕಿಲ್ಲ. ದಿನಕ್ಕೆ 30 ಸಲ ಇದನ್ನು ಮಾಡಬೇಕು. ಗೆರೆ ಚೊಕ್ಕವಾಗಿ ನಿಂತ ಮೇಲೆ ನಾಲ್ಕು ಹೆಜ್ಜೆಯ ಓಟ, ಆಮೇಲೆ ಪೂರ್ತಿ ರನ್‌ಅಪ್.

ಸ್ಲೋಮೋಷನ್ ಇರುವ ಮೊಬೈಲ್ ಫೋನ್ ಇಲ್ಲಿ ನೆರವಾಗುತ್ತದೆ. ಸೆಕೆಂಡಿಗೆ 11 ಸಲ ತಿರುಗುವ ಚೆಂಡು, ಸೆಕೆಂಡಿಗೆ 30 ಚಿತ್ರ ತೆಗೆಯುವ ಮಾಮೂಲಿ ವಿಡಿಯೋದಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 130 ಡಿಗ್ರಿಗಿಂತ ಹೆಚ್ಚು ತಿರುಗಿಬಿಡುತ್ತದೆ, ಏನೂ ತಿಳಿಯದು. ಸೆಕೆಂಡಿಗೆ 240 ಚಿತ್ರ ತೆಗೆದರೆ ಆ ಅಂತರ 17 ಡಿಗ್ರಿಗೆ ಇಳಿಯುತ್ತದೆ, ಸೀಮ್ ತೂರಾಡುವುದು ಕಣ್ಣಿಗೆ ಕಾಣುತ್ತದೆ. ಕೀಪರ್ ನಿಲ್ಲುವ ಕಡೆಯಿಂದ, ನೆಟ್ ಹಿಂದೆ ನಿಂತು ಚಿತ್ರ ತೆಗೆಯಬೇಕು.

ನೇರಳತೆಗೆ ಸುಣ್ಣದ ಒಂದು ಗೆರೆ ಸಾಕು. ರನ್‌ಅಪ್ ಶುರುವಿನಿಂದ ಗುರಿಯ ತನಕ ಹಗ್ಗ ಹಿಡಿದು ಗೆರೆ ಎಳೆದು, ಹಿಂಗಾಲು ಮತ್ತು ಮುಂಗಾಲು ಊರಿದ ಗುರುತನ್ನು ಪ್ರತಿ ಆರು ಎಸೆತಕ್ಕೊಮ್ಮೆ ನೋಡಬೇಕು. ಕಾಲು ಗೆರೆಗೆ ಅಡ್ಡ ದಾಟುತ್ತಿದ್ದರೆ ತೋಳು ಅದನ್ನು ಸರಿದೂಗಿಸಲು ಹೋಗಿ ಎಡವುತ್ತದೆ. ನೋಬಾಲ್ ಚಟವೂ ಇಲ್ಲೇ ಪತ್ತೆಯಾಗುತ್ತದೆ.

ಉದ್ದಳತೆಗೆ ಸ್ಟಂಪ್‌ಗಳಿಂದ 5ರಿಂದ 7 ಮೀಟರ್ ನಡುವೆ, ಆಫ್‌ಸ್ಟಂಪ್ ನೇರದಲ್ಲಿ, 2 ಮೀಟರ್ ಉದ್ದ 30 ಸೆಂಟಿಮೀಟರ್ ಅಗಲದ ಸುಣ್ಣದ ಚೌಕ ಬರೆಯಬೇಕು. ಚೆಂಡು ಚೌಕದಲ್ಲಿ ಬಿದ್ದರೆ ಹುಡಿ ಏಳುತ್ತದೆ, ಚೆಂಡಿನ ಮೈಗೂ ಬಿಳಿ ಹತ್ತುತ್ತದೆ. ಸ್ವಿಂಗ್ ಮಾಡುವವನು ಚೌಕವನ್ನು ನೋಡಿ ಎಸೆದರೆ ಚೆಂಡು ಆಚೆ ಹೋಗುತ್ತದೆ, ಆದ್ದರಿಂದ ಔಟ್‌ಸ್ವಿಂಗರ್ ಲೆಗ್‌ಸ್ಟಂಪ್ ಕಡೆ ಹೊರಡಿಸಿ ಚೌಕಕ್ಕೆ ಬರಮಾಡುವುದನ್ನು ಕಲಿಯಬೇಕು.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ ಎಸೆತವನ್ನು ಸಾಲಾಗಿ ಐವತ್ತು ಸಲ ಹಾಕುವುದು. ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ತೋಳಿನ ಚಲನೆಗಳನ್ನು ಕಲಿಸಿ ನಡೆಸಿದ ಪ್ರಯೋಗದಲ್ಲಿ, ಒಂದೊಂದನ್ನೇ ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಚಲನೆಗಳನ್ನು ಬೆರೆಸಿ ಅಭ್ಯಾಸ ಮಾಡಿದವರೇ ಮೇಲಾಗಿದ್ದರು. ಅದು ಕ್ರಿಕೆಟ್ ಮೈದಾನದ ಪ್ರಯೋಗವಲ್ಲ. ಆದರೂ ಪಂದ್ಯದಲ್ಲಿ ಯಾರೂ ಒಂದೇ ಚೆಂಡನ್ನು ಐವತ್ತು ಸಲ ಹಾಕುವುದಿಲ್ಲವಾದ್ದರಿಂದ ಪಾಠ ಹೊಂದುತ್ತದೆ. ಸೀಮ್ ನಿಲ್ಲುವವರೆಗೆ ಒಂದನ್ನೇ ತಿದ್ದಿ, ನಿಂತ ಮೇಲೆ ಬೆರೆಸಿ: ಒಂದು ಔಟ್‌ಸ್ವಿಂಗ್, ಒಂದು ನೇರ ಚೆಂಡು, ಒಂದು ಯಾರ್ಕರ್. ಯಾವುದು ಎಂದು ಜೊತೆಗಾರ ರನ್‌ಅಪ್ ಶುರುವಾಗುವ ಮುನ್ನ ಕೂಗಲಿ.

7. ಅಳತೆ

ಸುಧಾರಣೆ ಆಗಿದೆಯೋ ಇಲ್ಲವೋ ಎಂಬುದನ್ನು ನೆನಪು ಹೇಳಲಾರದು, ವಹಿ ಹೇಳುತ್ತದೆ. ಪ್ರತಿ ಅಭ್ಯಾಸದಲ್ಲಿ 24 ಎಸೆತಗಳ ದಾಖಲೆ ಇಡಬೇಕು. ಪ್ರತಿ ಎಸೆತಕ್ಕೆ ಮೂರೇ ಗುರುತು: ಉದ್ದ ಸರಿಯೋ, ಮುಂದೋ, ಹಿಂದೋ. ನೇರ ಸರಿಯೋ, ಎಡವೋ, ಬಲವೋ. ಸೀಮ್ ನಿಂತಿತೋ, ತೂರಾಡಿತೋ.

ಈ ದಾಖಲೆಯನ್ನು ಓದುವಾಗ ಎರಡು ಎಚ್ಚರ ಬೇಕು. ಮೊದಲನೆಯದು, ತಪ್ಪಿನ ಬಗೆ. ತಪ್ಪಿದ ಚೆಂಡುಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ಬೌಲರ್‌ನ ಕೈ ಸ್ಥಿರವಾಗಿದೆ, ಗುರಿ ಮಾತ್ರ ಜರುಗಿದೆ. ಅದು ಒಂದು ಸೂಚನೆಯಿಂದ ಸರಿಹೋಗುತ್ತದೆ. ನಾಲ್ಕೂ ದಿಕ್ಕಿಗೆ ಚದುರಿ ಬಿದ್ದಿದ್ದರೆ ಮಾತಿನಿಂದ ಪ್ರಯೋಜನವಿಲ್ಲ, ರನ್‌ಅಪ್ ಮತ್ತು ಬಿಡುವ ಗಳಿಗೆಯನ್ನು ಮೊದಲಿನಿಂದ ಕಟ್ಟಬೇಕು. ಮೊದಲ ಬಗೆಯ ಹುಡುಗನನ್ನು ‘ಲೈನ್ ಇಲ್ಲ’ ಎಂದು ಕೈಬಿಡುವುದು ದೊಡ್ಡ ಅನ್ಯಾಯ.

ಎರಡನೆಯದು, ಅದೃಷ್ಟ. ಎರಡರಲ್ಲಿ ಒಂದು ಚೆಂಡನ್ನು ಚೌಕಕ್ಕೆ ಹಾಕಬಲ್ಲ ಬೌಲರ್ 24 ಎಸೆತಗಳಲ್ಲಿ ಸರಾಸರಿ 12 ಸಲ ಗುರಿ ಮುಟ್ಟುತ್ತಾನೆ. ಸಂಭವನೀಯತೆಯ ನಿಯಮದಂತೆ, ಏನೂ ಬದಲಾಗದೆಯೇ ಅವನ ಲೆಕ್ಕ ಒಂದು ದಿನ 10, ಇನ್ನೊಂದು ದಿನ 14 ಆಗುವುದು ತೀರ ಸಹಜ. ಸೋಮವಾರ 11, ಗುರುವಾರ 15 ಎಂದು ಹಿಗ್ಗಬಾರದು, ತಿರುಗಿ 11 ಆದಾಗ ಕುಗ್ಗಲೂಬಾರದು. ನಾಲ್ಕು ಅಭ್ಯಾಸಗಳ 96 ಎಸೆತ ಕೂಡಿಸಿದರೆ ಈ ಏರಿಳಿತ ನೂರಕ್ಕೆ 10ರಿಂದ 5ಕ್ಕೆ ಇಳಿಯುತ್ತದೆ. ನಾಲ್ಕು ನಾಲ್ಕು ಅಭ್ಯಾಸಗಳ ಮೊತ್ತವನ್ನೇ ಒಂದಕ್ಕೊಂದು ಹೋಲಿಸಬೇಕು. ಆಯ್ಕೆ ಶಿಬಿರಗಳಲ್ಲಿ ಆರು ಚೆಂಡು ನೋಡಿ ತೀರ್ಪು ಕೊಡುವುದು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

8. ಮೈಯ ಮಿತಿ

ಅಭ್ಯಾಸ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಬೌಲಿಂಗಿಗೆ ಸಲ್ಲದ ಮಾತು. ಬೆಳೆಯುವ ವಯಸ್ಸಿನ ಬೌಲರ್‌ನ ಸೊಂಟದ ಬೆನ್ನುಮೂಳೆ ಮತ್ತೆ ಮತ್ತೆ ಬಾಗಿ ತಿರುಚಿದಾಗ ಸಣ್ಣ ಬಿರುಕು ಬಿಡಬಹುದು. ಭುಜ ಒಂದು ದಿಕ್ಕಿಗೆ, ಸೊಂಟ ಇನ್ನೊಂದು ದಿಕ್ಕಿಗೆ ಇರುವ ಮಿಶ್ರ ಶೈಲಿಯಲ್ಲಿ ಈ ಅಪಾಯ ಹೆಚ್ಚು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹಲವು ವರ್ಷ ಪಾಲಿಸಿದ ನಿರ್ದೇಶದಲ್ಲಿ ವೇಗದ ಬೌಲರ್‌ಗಳಿಗೆ ವಯಸ್ಸಿನ ಮಿತಿ ಹೀಗಿತ್ತು: 13ರೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 15ರೊಳಗಿನವರಿಗೆ 6 ಮತ್ತು 12. 17ರೊಳಗಿನವರಿಗೆ 7 ಮತ್ತು 18. ನಮ್ಮಲ್ಲಿ ನೆಲ ಗಟ್ಟಿ, ಎಷ್ಟೋ ಹುಡುಗರು ಬೌಲ್ ಮಾಡುವುದು ಬರಿಗಾಲಲ್ಲಿ ಅಥವಾ ಸವೆದ ಕ್ಯಾನ್ವಾಸ್ ಶೂಗಳಲ್ಲಿ. ಆದ್ದರಿಂದ ಈ ಸಂಖ್ಯೆಗಳಿಗಿಂತ ಕೆಳಗಿರುವುದೇ ಲೇಸು. ನಿಂತಲ್ಲಿಂದ ಮಾಡುವ ಸೀಮ್ ಅಭ್ಯಾಸದಿಂದ ಬೆನ್ನಿನ ಮೇಲೆ ಹೊರೆ ಬೀಳುವುದಿಲ್ಲ, ಬಿಡುವಿನ ದಿನಗಳಲ್ಲೂ ಅದನ್ನು ಮಾಡಬಹುದು. ಸೊಂಟದ ಒಂದೇ ಬದಿಯಲ್ಲಿ ನೋವು ಕಂಡರೆ ಬೌಲಿಂಗ್ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು, ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಇಳಿಸಬಾರದು. ಮಾರ್ಚ್‌ನಿಂದ ಮೇವರೆಗೆ ಅಭ್ಯಾಸ ಬೆಳಗ್ಗೆ ಒಂಬತ್ತರೊಳಗೆ ಮುಗಿಯಲಿ.

9. ನಿರ್ಣಯ

ನಮ್ಮ ಹುಡುಗರಿಗೆ ವೇಗವಿಲ್ಲ ಎಂಬ ದೂರು ಸ್ವಿಂಗ್ ಬೌಲಿಂಗಿನ ಮಟ್ಟಿಗೆ ನಿಲ್ಲುವುದಿಲ್ಲ, ಏಕೆಂದರೆ ಅವರ ವೇಗವೇ ಸ್ವಿಂಗಿಗೆ ಹದವಾದ ವೇಗ. ಬಿಸಿಲಿನ ದೂರೂ ನಿಲ್ಲುವುದಿಲ್ಲ, ಅದು ಕಸಿದುಕೊಳ್ಳುವುದು ಒಂದೂವರೆ ಸೆಂಟಿಮೀಟರ್. ನಿಜವಾದ ಕೊರತೆ ಲೆದರ್ ಚೆಂಡಿನ ಸೀಮನ್ನು ಚಿಕ್ಕಂದಿನಲ್ಲೇ ಬೆರಳಿಗೆ ಪರಿಚಯಿಸದಿರುವುದು, ಚೆಂಡಿನ ಒಂದು ಬದಿಯನ್ನು ಕಾಯದಿರುವುದು, ಎಸೆತಗಳ ಲೆಕ್ಕ ಬರೆದಿಡದಿರುವುದು. ಮೂರನ್ನೂ ಊರಲ್ಲೇ ಸರಿಪಡಿಸಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಒಂದು ವಿನಂತಿ. ಕ್ಲಬ್ಬುಗಳು ಆಡಿ ಬಿಟ್ಟ ಹಳೆಯ ಲೆದರ್ ಚೆಂಡುಗಳನ್ನು ಕೇಳಿ ತನ್ನಿ, ಅರ್ಧಕ್ಕೆ ಬಿಳಿ ಬಣ್ಣ ಬಳಿಯಿರಿ, ಹನ್ನೆರಡು ವರ್ಷದ ಹುಡುಗ ಹುಡುಗಿಯರ ಕೈಗೆ ಕೊಡಿ, ಪಕ್ಕದಲ್ಲಿ ಒಂದು ವಹಿ ಇಡಿ. ವೇಗವನ್ನು ಆಮೇಲೆ ಕೇಳೋಣ. ಬಿಳಿ ಮತ್ತು ಕೆಂಪಿನ ನಡುವಿನ ಗೆರೆ ಚೊಕ್ಕವಾಗಿ ನಿಲ್ಲುವುದನ್ನು ಮೊದಲು ನೋಡೋಣ.